ಬಾಣಗಂಗಾದ ಮೆಟ್ಟಿಲುಗಳು

ಮುಂಬಯಿಯ ವಾಲ್ಕೇಶ್ವರದಲ್ಲಿರುವ ಬಾಣಗಂಗಾ ಕೊಳದ ಬಳಿ ತೆಗೆದಿದ್ದ 8×10 ಇಂಚಿನ ನೆಗೆಟಿವ್ ಅನ್ನು ಇಂದು ಮಾಟುಂಗದ ಮನೆಯಲ್ಲಿ ಕಾಂಟ್ಯಾಕ್ಟ್ ಪ್ರಿಂಟ್ ಮಾಡಿದೆ, ಅಂದರೆ ಹಿಗ್ಗಿಸದೆ ನೆಗೆಟಿವ್‌ನಷ್ಟೇ ಅಳತೆಯಲ್ಲಿ ಮುದ್ರಿಸಿದೆ.

ನೆಗೆಟಿವ್‌ನ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಲೇಪ) ಇರುವ ಬದಿ ಕಾಗದದ ಎಮಲ್ಷನ್‌ಗೆ ತಾಗುವಂತೆ ಇರಿಸಿ, ಮೇಲೆ ಗಾಜನ್ನು ಒತ್ತಿ, ಬಲ್ಬಿನ ಬೆಳಕು ಬಿಟ್ಟರಾಯಿತು. ನಡುವೆ ಇನ್ನೊಂದು ಲೆನ್ಸ್ ಇಲ್ಲದ ಕಾರಣ ಕಲ್ಲಿನ ಸಂದಿನಲ್ಲಿ ಹಬ್ಬಿದ ಪಾಚಿಯ ಗೆರೆಯೂ ಒದ್ದೆ ಅಂಚಿನ ಮಿನುಗೂ ಇದ್ದ ಹಾಗೆಯೇ ಕಾಗದಕ್ಕೆ ಇಳಿದಿವೆ.

ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ತಮ್ಮ 8×10 ನೆಗೆಟಿವ್‌ಗಳನ್ನು ಹೀಗೆಯೇ ಮುದ್ರಿಸುತ್ತಿದ್ದರು.

ಗೋಡೆ ತುಂಬುವ ಚಿತ್ರ ಬೇಕೆಂದರೆ ನೆಗೆಟಿವ್ ಅನ್ನು ಲೆನ್ಸ್ ಮೂಲಕ ಹಿಗ್ಗಿಸಿ ಮುದ್ರಿಸುವ ಎನ್‌ಲಾರ್ಜರ್ ಬೇಕೇ ಬೇಕು, 4×5 ಇಂಚಿನ ಚಿಕ್ಕ ನೆಗೆಟಿವ್ ಹಾಳೆಗಂತೂ ಅದೇ ಸರಿಯಾದ ದಾರಿ. ಆದರೆ ಕೈಯಲ್ಲಿ ಹಿಡಿದು, ಕಣ್ಣಿನ ಹತ್ತಿರಕ್ಕೆ ತಂದು ನೋಡುವ ಚಿತ್ರಕ್ಕೆ ನನ್ನ ಮತ ಕಾಂಟ್ಯಾಕ್ಟ್ ಪ್ರಿಂಟ್‌ಗೇ. ಆಮೇಲೆ ಒಂದು ಮೂಲೆಯನ್ನಷ್ಟೇ ಆರಿಸಿ ಹಿಗ್ಗಿಸುವ ಅನುಕೂಲ ಇದರಲ್ಲಿ ಇಲ್ಲವಾದ್ದರಿಂದ, ಚೌಕಟ್ಟಿನೊಳಗೆ ಏನಿರಬೇಕೆಂಬುದನ್ನು ಮೆಟ್ಟಿಲ ಮೇಲೆ ಕ್ಯಾಮೆರಾ ನಿಲ್ಲಿಸಿದಾಗಲೇ ತೀರ್ಮಾನಿಸಬೇಕಾಗುತ್ತದೆ. ಆ ಕಟ್ಟುಪಾಡು ನನಗೆ ಬಹಳ ಇಷ್ಟ.