ಹೊಸ ಕಿಡ್ನಿ ಬಂತಲ್ಲ, ಇನ್ನೂ ಮಾತ್ರೆ ಯಾಕೆ?

ನಾಲ್ಕು ಜನ ಸೇರಿದ ಕಡೆ ನನ್ನ ಫೋನಿನ ಅಲಾರಂ ಹೊಡೆದುಕೊಂಡರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಚೀಲದಿಂದ ಡಬ್ಬಿ ತೆಗೆದು ನಾನು ಮಾತ್ರೆ ನುಂಗುವುದನ್ನೇ ನೋಡುತ್ತಾ, "ಆಪರೇಷನ್ ಆಗಿ ಆರು ವರ್ಷ ಆಯ್ತಲ್ಲ, ಇನ್ನೂ ಮುಗಿದಿಲ್ವಾ?" ಅನ್ನುತ್ತಾರೆ. ದನಿಯಲ್ಲಿ ಕಾಳಜಿ ಇರುತ್ತದೆ, ಅದರ ಬೆನ್ನಿಗೆ ಸಣ್ಣದೊಂದು ಅನುಮಾನವೂ ಇರುತ್ತದೆ: ಇಷ್ಟೆಲ್ಲ ಮಾಡಿಯೂ ವಾಸಿಯಾಗಿಲ್ಲವೋ ಏನೋ. "ಕಿಡ್ನಿ ಇರೋವರೆಗೂ ಮಾತ್ರೆ" ಎಂದು ಚುಟುಕಾಗಿ ಹೇಳಿ ಇದುವರೆಗೆ ಮಾತು ಬದಲಿಸುತ್ತಿದ್ದೆ. ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರ ಡಿಸೆಂಬರ್ 23ರಂದು, ಬೋಸ್ಟನ್ನಿನಲ್ಲಿ. ಮಾಡಿದ್ದು ಡಾ. ಜೋಸೆಫ್ ಮರ್ರೆ ಅವರ ತಂಡ. ಕೊಟ್ಟವರು ರೊನಾಲ್ಡ್ ಹೆರಿಕ್, ಪಡೆದವರು ರಿಚರ್ಡ್ ಹೆರಿಕ್. ಇಬ್ಬರೂ ತದ್ರೂಪಿ ಅವಳಿಗಳು. ಹೊರಗಿನ ಕಿಡ್ನಿಯನ್ನು ದೇಹ ಒಪ್ಪುವಂತೆ ಮಾಡುವ ನೆಚ್ಚಿಕೆಯ ಔಷಧಿ ಆಗ ಇರಲಿಲ್ಲ, ಹಾಗಾಗಿ ಅವಳಿಗಳೇ ಬೇಕಾಯಿತು. ಒಬ್ಬರ ಚರ್ಮದ ಚೂರನ್ನು ಇನ್ನೊಬ್ಬರಿಗೆ ಹಚ್ಚಿ, ಅದು ಹಿಡಿದುಕೊಳ್ಳುವುದನ್ನು ನೋಡಿದ ಮೇಲೆಯೇ ಕತ್ತರಿ ಕೈಗೆತ್ತಿಕೊಂಡರು. ರಿಚರ್ಡ್ ಮತ್ತೆ ಎಂಟು ವರ್ಷ ಬದುಕಿದರು, ಮದುವೆಯಾದರು, ಮಕ್ಕಳನ್ನೂ ಕಂಡರು.

ನನಗೆ ಅವಳಿಯಿಲ್ಲ. ನನ್ನೊಳಗಿರುವುದು ತೀರಿಕೊಂಡ ಅಪರಿಚಿತರೊಬ್ಬರ ಕಿಡ್ನಿ. ನನ್ನ ರಕ್ತದ ಬಿಳಿಕಣಗಳಿಗೆ ಉಪಕಾರ ಅನ್ನುವುದು ಅರ್ಥವಾಗುವುದಿಲ್ಲ. ವೈರಸ್ ಬಂದರೂ ಕಿಡ್ನಿ ಬಂದರೂ ಅವುಗಳ ಲೆಕ್ಕದಲ್ಲಿ ಹೊರಗಿನದು ಬಂತು, ಅಷ್ಟೇ. ವರ್ಷಗಳು ಕಳೆದಂತೆ ಹೊಂದಿಕೊಳ್ಳುತ್ತವೆ ಅಂತ ಜನ ಅಂದುಕೊಂಡಿದ್ದಾರೆ. ಕಸಿಯಾದವರಲ್ಲೇ ಕೆಲವರು ಹಾಗಂದುಕೊಂಡು ಐದನೇ ವರ್ಷವೋ ಏಳನೇ ವರ್ಷವೋ ಮಾತ್ರೆ ಬಿಟ್ಟು, ಇದ್ದ ಕಿಡ್ನಿಯನ್ನೂ ಕಳೆದುಕೊಂಡದ್ದಿದೆ.

ಬಿಳಿಕಣಗಳ ಈ ಕಾವಲನ್ನು ಮಂದಗೊಳಿಸುವುದೇ ಮಾತ್ರೆಗಳ ಕೆಲಸ. ಅದರಲ್ಲಿ ಮುಖ್ಯವಾದದ್ದು ಟ್ಯಾಕ್ರೋಲಿಮಸ್. ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾ ಒಂದರಲ್ಲಿ 1984ರಲ್ಲಿ ಸಿಕ್ಕ ಔಷಧಿ ಅದು. ಯಾರದೋ ಕಿಡ್ನಿ, ಎಲ್ಲಿಯದೋ ಮಣ್ಣು, ನಡುವೆ ನಾನು! ಬೆಳಿಗ್ಗೆ ಎಂಟೂವರೆಗೊಂದು, ರಾತ್ರಿ ಎಂಟೂವರೆಗೊಂದು. ಹನ್ನೆರಡು ಗಂಟೆಯ ಅಂತರ ತಪ್ಪುವ ಹಾಗಿಲ್ಲ. ರಕ್ತದಲ್ಲಿ ಅದರ ಮಟ್ಟ ಇಳಿದರೆ ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯ ಮೇಲೆ ತಿರುಗಿಬೀಳುವ ಭಯ. ಏರಿದರೆ ಕೈ ನಡುಗುತ್ತದೆ, ಸಾಲದ್ದಕ್ಕೆ ಅದೇ ಔಷಧಿ ಕಿಡ್ನಿಯನ್ನೇ ಹಾಳು ಮಾಡುತ್ತದೆ. ಅದಕ್ಕೇ ಆ ಮಟ್ಟ ಅಳೆಯುವ ರಕ್ತ ಪರೀಕ್ಷೆಯ ದಿನ ಬೆಳಗಿನ ಮಾತ್ರೆ ನುಂಗದೆ ಹೋಗಿ, ರಕ್ತ ಕೊಟ್ಟ ಮೇಲೆ ನುಂಗುವುದು. ರಿಜೆಕ್ಷನ್ ಅಂದರೆ ನೋವಾಗಿ ಗೊತ್ತಾಗುವಂಥದ್ದು ಅಂತಲೂ ಅಲ್ಲ. ಎಷ್ಟೋ ಸಲ ರಕ್ತದಲ್ಲಿ ಕ್ರಿಯೇಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಏರಿದಾಗಲೇ ಸುಳಿವು. ವರದಿ ಬರುವ ಸಂಜೆ ನಾನು ಯಾರ ಜೊತೆಯೂ ಸರಿಯಾಗಿ ಮಾತಾಡುವುದಿಲ್ಲ. ಮನೆಯವರಿಗೆ ರೂಢಿಯಾಗಿದೆ.

ಉಳಿದ ಕಾಟಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆಯಿಂದ ಮುಖ ದುಂಡಗಾಗುತ್ತದೆ, ಸಕ್ಕರೆ ಏರುತ್ತದೆ. ಶೀತ ಬಂದವರ ಪಕ್ಕ ಕೂರುವುದಿಲ್ಲ. ಬಿಸಿಲಿಗೆ ಮೈಯೊಡ್ಡುವುದಿಲ್ಲ, ನಮ್ಮಂಥವರಲ್ಲಿ ಚರ್ಮದ ಕ್ಯಾನ್ಸರಿನ ಸಾಧ್ಯತೆ ಹೆಚ್ಚು. ಇನ್ನು, ಕೇಳುವವರಿಗೆಲ್ಲ ಆಶ್ಚರ್ಯವಾಗುವ ಸಂಗತಿ: ಹಳೆಯ ಎರಡು ಕಿಡ್ನಿಗಳೂ ಒಳಗೇ ಇವೆ. ಹೊಸದನ್ನು ಕಿಬ್ಬೊಟ್ಟೆಯ ಬಲಗಡೆ ಕೂರಿಸಿದ್ದಾರೆ. ಕೈಯಾಡಿಸಿದರೆ ಬೆರಳಿಗೆ ಸಿಗುತ್ತದೆ.

ಹಾಗಾದರೆ ಲಾಭವೇನು ಬಂತು ಅನ್ನುವವರಿಗೆ ನಾನು ಹೇಳುವುದು ನೀರಿನ ಕಥೆ. ಡಯಾಲಿಸಿಸ್ ದಿನಗಳಲ್ಲಿ ಮೂತ್ರ ನಿಂತೇ ಹೋಗಿತ್ತು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಯಂತ್ರದ ಪಕ್ಕ. ನಡುವಿನ ದಿನಗಳಲ್ಲಿ ಕುಡಿದದ್ದೆಲ್ಲ ಮೈಯಲ್ಲೇ ಉಳಿದು ಶ್ವಾಸಕೋಶಕ್ಕೆ ಇಳಿಯುತ್ತದೆ ಅನ್ನುವ ಹೆದರಿಕೆ. ಅಳತೆಯ ಲೋಟದಲ್ಲಿ ದಿನದ ಪಾಲನ್ನು ಗುರುತು ಹಾಕಿ ಇಟ್ಟುಕೊಳ್ಳುತ್ತಿದ್ದೆ. ಮಧ್ಯಾಹ್ನಕ್ಕೇ ಖಾಲಿಯಾದರೆ ರಾತ್ರಿವರೆಗೆ ಒಂದು ಐಸ್ ತುಂಡನ್ನು ಚೀಪುತ್ತಾ ಕೂರುವುದು. ಹಲ್ಲುಜ್ಜುವಾಗ ಬಾಯಿ ಮುಕ್ಕಳಿಸುವ ನೀರನ್ನು ಕದ್ದು ನುಂಗಿದ್ದೂ ಉಂಟು, ಯಾರಿಂದ ಕದ್ದೆನೋ. ಕಸಿಯ ಮರುದಿನ ನರ್ಸ್ ಒಂದು ದೊಡ್ಡ ಜಗ್ ತಂದಿಟ್ಟು, "ಕುಡೀರಿ, ಮುಗಿದರೆ ಇನ್ನೊಂದು ತರ್ತೀನಿ, ಕಿಡ್ನಿ ಒಣಗಬಾರದು" ಅಂದರು. ಒಂದು ಲೋಟ ಕುಡಿದೆ, ಎರಡನೆಯದು ಕುಡಿದೆ, ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಅತ್ತೆ. ಮಂಚದ ಪಕ್ಕದ ಚೀಲದಲ್ಲಿ ಮೂತ್ರ ತುಂಬುವುದನ್ನು ಅಷ್ಟು ಅಕ್ಕರೆಯಿಂದ ನೋಡಿದ್ದು ಅದೇ ಮೊದಲು. ಎರಡು ಹೊತ್ತಿನ ಮಾತ್ರೆ ಇದಕ್ಕೆ ಕೊಡುವ ಬಾಡಿಗೆ. ಅಗ್ಗವೇ.

ಕೊಟ್ಟವರ ಹೆಸರು ನನಗೆ ಗೊತ್ತಿಲ್ಲ. ಅವರ ಮನೆಯವರು ನಿಂತಿದ್ದ ಜಾಗವನ್ನು ಮಾತ್ರ ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಮಿದುಳು ಸತ್ತಿದೆ, ಆದರೆ ವೆಂಟಿಲೇಟರ್ ಗಾಳಿ ತುಂಬುತ್ತಿರುವುದರಿಂದ ಎದೆ ಏರಿಳಿಯುತ್ತಿರುತ್ತದೆ. ಕೈ ಬೆಚ್ಚಗಿರುತ್ತದೆ. ಕೋಮಾದಲ್ಲಿರುವವರಿಗೆ ಮರಳಿ ಬರುವ ದಾರಿ ಇದ್ದೀತು, ಇಲ್ಲಿ ಅದಿಲ್ಲ. ಯಂತ್ರ ತೆಗೆದರೆ ಉಸಿರಿಲ್ಲ. ಕಸಿಗೆ ಸಂಬಂಧಪಡದ ವೈದ್ಯರು ಪರೀಕ್ಷೆ ಮಾಡಿ ಅದನ್ನು ಖಚಿತಪಡಿಸುತ್ತಾರೆ. ಆದರೂ ಬೆಚ್ಚಗಿನ ಕೈ ಹಿಡಿದು ನಿಂತವರಿಗೆ ಅದನ್ನು ನಂಬುವುದು ಎಷ್ಟು ಕಷ್ಟ! ಯೋಚಿಸಲು ದಿನಗಟ್ಟಲೆ ಸಮಯವೂ ಇರುವುದಿಲ್ಲ. ಹೂಂ ಅಂದ ಮೇಲೂ ಅವಸರವೇ: ಹೊರತೆಗೆದ ಕಿಡ್ನಿ ತಂಪಿನಲ್ಲಿ ಒಂದು ದಿನದಷ್ಟು ತಾಳುತ್ತದೆ, ಹೃದಯ ನಾಲ್ಕರಿಂದ ಆರು ಗಂಟೆ ಮಾತ್ರ. ಆ ಒಬ್ಬರಿಂದ ಎಂಟು ಜನರವರೆಗೆ ಅಂಗ ಸಿಗಬಹುದು, ಮನೆಯವರು ಹೂಂ ಅಂದರೆ.

ಅದಕ್ಕೇ ದಾನಕ್ಕೆ ಹೆಸರು ಬರೆಸಿ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡವರಿಗೆ ನಾನು ಕೇಳುವುದು: ಮನೆಯಲ್ಲಿ ಹೇಳಿದ್ದೀರಾ? ಅಂಥ ಹೊತ್ತಿನಲ್ಲಿ ಪರ್ಸನ್ನು ಯಾರೂ ಹುಡುಕುವುದಿಲ್ಲ. "ಇದು ಅವರಿಗೇ ಬೇಕಿತ್ತು" ಅನ್ನುವುದು ಗೊತ್ತಿದ್ದರೆ ನಿರ್ಧಾರದ ಭಾರ ಮನೆಯವರ ತಲೆಯಿಂದ ಅರ್ಧ ಇಳಿಯುತ್ತದೆ. ಬದುಕಿರುವಾಗ ಕೊಟ್ಟವರ ಗತಿ ಏನು ಅಂತಲೂ ಕೇಳುತ್ತಾರೆ. ಆ ರೊನಾಲ್ಡ್ ಹೆರಿಕ್ ತೀರಿಕೊಂಡದ್ದು 2010ರಲ್ಲಿ, 79ನೇ ವಯಸ್ಸಿನಲ್ಲಿ. ಒಂದೇ ಕಿಡ್ನಿಯಲ್ಲಿ ಐವತ್ತಾರು ವರ್ಷ.

ನಾನೂ ಹೆಸರು ಬರೆಸಿದ್ದೇನೆ. ಕಸಿಯಾದವರೂ ಬರೆಸಬಹುದು, ಯಾವ ಅಂಗ ಆದೀತು ಅನ್ನುವುದನ್ನು ವೈದ್ಯರು ಆಗ ನೋಡುತ್ತಾರೆ. ಮನೆಯಲ್ಲಿ ಹೇಳಿದಾಗ ಅಮ್ಮ ಎದ್ದು ಒಳಗೆ ಹೋದಳು. ಮಗಳು ಮಾತ್ರ ಕೂತೇ ಇದ್ದಳು. "ಅವರು ಕೊಟ್ಟ ಕಿಡ್ನಿಯನ್ನೂ ಮತ್ತೆ ಬೇರೆಯವರಿಗೆ ಕೊಡಬಹುದಾ?" ಎಂದು ಕೇಳಿದಳು. ಅಪರೂಪಕ್ಕೆ ಅದೂ ನಡೆದಿದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗಡಿಯಾರ ನೋಡಿ ಕೇಳಿದಳು: "ಮತ್ತೆ, ಇವತ್ತಿಂದು ತಗೊಂಡ್ಯಾ?"