ತೆರಿ ಮ್ಯಾಲಿಂದೋ, ಕೆಳಗಿಂದೋ?

ಈ ವಾರ ಪೂರ್ತಿ ಒಂದೇ ಮಾತು ತಲೆಯಲ್ಲಿ ಓಡ್ತಿದೆ. ನಮ್ಮ ವರ್ಕ್‌ಶಾಪಿನ ಮಿಸ್ತ್ರಿ ಕಾಕಾ ಕೇಳಿದ್ದು. "ಸರ್ರ, ತೆರಿ ಮ್ಯಾಲಿಂದ ಬಡೀತೈತೋ, ಕೆಳಗಿಂದ ಬಡೀತೈತೋ?"

ತೆರಿ ಅಂದರೆ ಸಮುದ್ರದ ಅಲೆ. ಕೇಳಿದ್ದು ಎಲ್ಲಿ ಗೊತ್ತಾ, ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ. ಸುತ್ತಮುತ್ತ ನೀರು ಅಂದರೆ ಟ್ಯಾಂಕರ್ ನೀರು. ಕಾಕಾ ಅಣ್ಣಿಗೇರಿ ಕಡೆಯವರು. ಎರಿ ಹೊಲ ನೋಡುತ್ತ ಬೆಳೆದವರು, ಅಪ್ಪನ ಕಾಲದಿಂದ ನಮ್ಮಲ್ಲಿ ವೆಲ್ಡಿಂಗ್ ಮಾಡುತ್ತಿರುವವರು. ಸಮುದ್ರ ನೋಡಿದವರಲ್ಲ. ನಾವು ಮಾಡುವುದು ಟ್ರೇಲರ್, ರಂಟಿ (ನೇಗಿಲು), ಕೂರಿಗೆ, ಅಂಗಡಿ ಶಟರ್. ಹಾಯಿದೋಣಿಯ ಕೆಲಸ ನಮ್ಮ ಬಾಗಿಲಿಗೆ ಬಂದಿದ್ದೇ ಒಂದು ತಮಾಷೆ.

ತಂದವರು ಧಾರವಾಡದವರು. ಬಹಳ ವರ್ಷ ದುಬೈಯಲ್ಲಿದ್ದು, ಅಲ್ಲೇ ದೋಣಿ ನಡೆಸೋದು ಕಲಿತು, ಈಗ ಗೋವಾದಲ್ಲಿ ಹಳೆಯದೊಂದು ಹಾಯಿದೋಣಿ ಇಟ್ಟುಕೊಂಡಿದ್ದಾರೆ. ಊರಿನ ಕೈ ಮೇಲೆ ಅವರಿಗೆ ವಿಪರೀತ ನಂಬಿಕೆ. ಜೊತೆಗೆ ಅವರ ಅಣ್ಣನ ಮಗ, ಪುಣೆಯಲ್ಲಿ ಇಂಜಿನಿಯರ್. ಕಾರಿನ ಡಿಕ್ಕಿ ತೆಗೆದು ಗೋಣಿಚೀಲದಲ್ಲಿ ಸುತ್ತಿದ ಲಂಗರು ಇಳಿಸಿದರು. ಹದಿನಾರು ಕಿಲೋ. ಅದರ ಹಿಂದೆ ಬಾಗಿಹೋದ ಒಂದು ಬೋ ರೋಲರ್. ಅಂದರೆ ದೋಣಿಯ ಮೂತಿಗೆ ಹಾಕುವ ಪಟ್ಟಿ. ಎರಡು ಕಡೆ ತಗಡು, ನಡುವೆ ಒಂದು ಗಾಲಿ. ಸರಪಳಿ ಆ ಗಾಲಿಯ ಮೇಲೆ ಇಳಿಯುತ್ತದೆ, ಏರುತ್ತದೆ. ದೋಣಿ ಓಡುವಾಗ ಲಂಗರು ಅಲ್ಲೇ ಮೂತಿಯ ಮೇಲೆ ಮಲಗಿರುತ್ತದೆ.

ಕಾಕಾ ಲಂಗರನ್ನು ಕಾಲಿಂದ ಹೊರಳಿಸಿ ನೋಡಿ ಅಂದರು, "ಇದು ರಂಟಿನ ಅಲ್ಲೇನ್ರೀ ಸರ್ರ!"

ಹುಡುಗ ಖುಷಿಯಾಗಿಬಿಟ್ಟ. ನಿಜಕ್ಕೂ ಅದು ನೇಗಿಲ ಮಾದರಿಯ ಲಂಗರು. ಸಿಕ್ಯೂಆರ್ ಅಂತ ಹೆಸರು. 1933ರಲ್ಲಿ ಇಂಗ್ಲೆಂಡಿನ ಜಿ. ಐ. ಟೇಲರ್ ಅನ್ನುವ ವಿಜ್ಞಾನಿ ಮಾಡಿದ್ದಂತೆ. ನೀರು, ಗಾಳಿ ಹೇಗೆ ಹರಿಯುತ್ತವೆ ಅನ್ನೋ ಲೆಕ್ಕದಲ್ಲಿ ದೊಡ್ಡ ಹೆಸರು ಮಾಡಿದವನು. ಸ್ವತಃ ಹಾಯಿದೋಣಿ ನಡೆಸುತ್ತಿದ್ದ. ಎರಡು ಕಡೆ ರೆಕ್ಕೆಯ ಕುಡ (ನೆಲಕ್ಕೆ ನಾಟುವ ತುದಿ), ಅದಕ್ಕೆ ಉದ್ದನೆಯ ಹಿಡಿ, ನಡುವೆ ಒಂದು ಕೀಲು. ಹಿಡಿಯನ್ನು ಅಡ್ಡಕ್ಕೆ ಎಳೆದರೆ ಕೆಸರಿನೊಳಗೆ ಇಳಿಯುತ್ತದೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಅದಕ್ಕೇ ಆಳದ ಐದಾರು ಪಟ್ಟು ಸರಪಳಿ ಬಿಡಬೇಕು, ಎಳೆತ ಅಡ್ಡಕ್ಕೇ ಇರಬೇಕು ಅಂತ ಹುಡುಗ ಹೇಳಿದ. ಕಾಕಾ ತಲೆಯಾಡಿಸಿ, "ಗೊತ್ತೈತಿ ಬಿಡ್ರಿ, ನೊಗ ಎತ್ತಿದ್ರ ರಂಟಿ ಮ್ಯಾಲ ಬರ್ತೈತಿ" ಅಂದರು. ಅಲ್ಲಿಗೆ ಆ ಪಾಠ ಮುಗಿಯಿತು.

ಹುಡುಗನ ಬಗ್ಗೆ ಒಂದು ಮಾತು ಹೇಳಬೇಕು. ಇಂಥ ಕಥೆಗಳಲ್ಲಿ ಇಂಜಿನಿಯರ್ ಪೆದ್ದ, ಮಿಸ್ತ್ರಿ ಜಾಣ ಅಂತ ಆಗಿಬಿಡುತ್ತದೆ. ಇಲ್ಲಿ ಹಾಗಿಲ್ಲ. ಹಳೇ ಪಟ್ಟಿ ಯಾರೋ 304 ಅನ್ನೋ ಜಾತಿಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಕೊಟ್ಟಿದ್ದರು. ಬೋಲ್ಟಿನ ಸುತ್ತ ಕಂದು ಕಲೆ, ಸಣ್ಣ ಸಣ್ಣ ತೂತು. ಉಪ್ಪುಗಾಳಿಗೆ 316 ಬೇಕು, ಅದರಲ್ಲಿ ಮಾಲಿಬ್ಡಿನಮ್ ಇರುತ್ತದೆ, ಅದಕ್ಕೇ ತಡೆಯುತ್ತದೆ ಅಂದ. ಮ್ಯಾಗ್ನೆಟ್ ಹಿಡಿದರೆ 304 ಯಾವುದು 316 ಯಾವುದು ಗೊತ್ತಾಗೋದಿಲ್ಲ, ಬಿಲ್ ನೋಡಿ ನಂಬಬೇಡಿ ಅಂತ ಟೆಸ್ಟ್ ಮಾಡುವ ದ್ರಾವಣವನ್ನೂ ತಂದಿದ್ದ. ಗಾಲಿಗೆ ಕಾಕಾ ನೈಲಾನ್ ರಾಡ್ ತೆಗೆದಿದ್ದರು, ಅದನ್ನು ತಡೆದವನೂ ಅವನೇ. ನೈಲಾನ್ ನೀರು ಕುಡಿದು ಉಬ್ಬುತ್ತದೆ, ಪಿನ್ನಿನ ಮೇಲೆ ಬಿಗಿದು ಕೂರುತ್ತದೆ, ಹಳೇ ಗಾಲಿ ಹಾಗೇ ಸತ್ತಿದ್ದು. ಡೆಲ್ರಿನ್ ಅನ್ನೋ ಪ್ಲಾಸ್ಟಿಕ್ ಹಾಕಿ, ಸ್ವಲ್ಪ ಸಡಿಲ ಬಿಡಿ ಅಂದ. ಕಾಕಾಗೆ ಸಡಿಲ ಅನ್ನೋ ಮಾತೇ ಆಗಿಬರೋದಿಲ್ಲ. ಮುಖ ಸಿಂಡರಿಸಿಕೊಂಡೇ ಲೇಥಿಗೆ ಹಾಕಿದರು.

ಅವನ ದೋಷ ಒಂದೇ. ಸ್ಕ್ರೀನಿನ ಮೇಲೆ ಚಿತ್ರ ತಿರುಗಿಸಿ ತೋರಿಸುವಾಗ ಎದುರಿಗಿದ್ದವರ ಮುಖ ನೋಡೋದಿಲ್ಲ.

ಆ ಚಿತ್ರದಲ್ಲಿ ಪಟ್ಟಿಯ ಮೇಲ್ಭಾಗ ಪೂರ್ತಿ ತೆರೆದಿತ್ತು. ಲಂಗರಿಗೆ ತನ್ನದೇ ಭಾರ ಇದೆ, ಸರಪಳಿ ಹಿಂದಿನಿಂದ ಬಿಗಿದಿರುತ್ತದೆ, ಎಲ್ಲಿಗೆ ಹೋಗುತ್ತೆ ಅನ್ನೋ ಲೆಕ್ಕ. ಕಾಕಾ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಹುಡುಗನನ್ನು ಬಿಟ್ಟು ದೊಡ್ಡವರ ಕಡೆ ತಿರುಗಿ ಕೇಳಿದರು. ತೆರಿ ಮ್ಯಾಲಿಂದೋ, ಕೆಳಗಿಂದೋ?

ಹುಡುಗ ನಕ್ಕ. ಕೆಟ್ಟ ನಗೆ ಅಲ್ಲ, ಸಣ್ಣ ಮಕ್ಕಳು ಏನೋ ಕೇಳಿದಾಗ ನಗ್ತೀವಲ್ಲ, ಅದು. ದೊಡ್ಡವರು ನಗಲಿಲ್ಲ. ಚಹಾದ ಕಪ್ಪು ವೆಲ್ಡಿಂಗ್ ಟೇಬಲ್ ಮೇಲಿಟ್ಟು, "ಕೆಳಗಿಂದನ ಕಾಕಾ. ಎದುರು ತೆರಿ ಇದ್ದಾಗ ಮೂತಿ ನೀರಾಗ ಮುಳುಗತೈತಿ. ಆವಾಗ ಕೆಳಗಿಂದ ಗುದ್ದತೈತಿ" ಅಂದರು.

"ಹಂಗಾರ ಇದನ್ನ ಮ್ಯಾಲ ಹಾರದಂಗ ಯಾರ್ ಹಿಡೀತಾರ್ರಿ? ಟ್ರೇಲರ್ ಪಿನ್ನಿಗೆ ಕ್ಲಿಪ್ ಯಾಕ ಹಾಕ್ತೀವಿ? ತಗ್ಗಿನಾಗ ಗಾಲಿ ಬಿತ್ತಂದ್ರ ಪಿನ್ನು ಜಿಗಿದು ಹೊರಗ ಬರ್ತೈತಿ. ಭಾರ ಕೆಳಗಿನ ಕಡೆ ಅಷ್ಟ ಅಲ್ರೀ ಇರೋದು."

ಹುಡುಗನ ನಗು ನಿಂತಿತು. ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ತಗಡುಗಳನ್ನು ಎತ್ತರ ಮಾಡಿದ. ಲಂಗರಿನ ಹಿಡಿಯ ಮೇಲೆ ಅಡ್ಡ ಒಂದು ಪಿನ್ನು ಬರೆದ. ಕಾಕಾ ಪೆನ್ಸಿಲ್ ತಗೊಂಡು ತಗಡಿನ ಮೇಲೇ ಗೀಚಿ, ಇನ್ನೂ ಮುಂದೆ ಅಂದರು. ಇಬ್ಬರೂ ತಲೆ ಬಗ್ಗಿಸಿ ನಿಂತರು, ನನ್ನನ್ನೂ ದೊಡ್ಡವರನ್ನೂ ಮರೆತೇಬಿಟ್ಟರು. ಕಡೆಗೆ ತೀರ್ಮಾನವಾಗಿದ್ದು ಎರಡು ಪಿನ್ನು. ಒಂದು ಹಿಡಿಯ ತೂತಿನೊಳಗಿಂದ, ಹಿಂದೆ ಮುಂದೆ ಜಾರದ ಹಾಗೆ. ಇನ್ನೊಂದು ಹಿಡಿಯ ಮೇಲಿಂದ, ಹಾರದ ಹಾಗೆ. ಎರಡಕ್ಕೂ ಕ್ಲಿಪ್ಪು. ಎರಡಕ್ಕೂ ಸಣ್ಣ ಹಗ್ಗ, ಕೈ ಜಾರಿದರೆ ನೀರಿಗೆ ಬೀಳದಂತೆ. ತಗಡು 6 ಎಂಎಂ, ಅಂಚು ದುಂಡಗೆ. ಬದಿಯಿಂದ ಎಳೆದರೂ ಅಗಲವಾಗದಂತೆ ಕೆಳಗೆ ಒಂದು ಅಡ್ಡಪಟ್ಟಿ. ಆರ್ಗಾನ್ ವೆಲ್ಡಿಂಗ್ ಕಾಕಾನೇ ಮಾಡಿದರು, ಬೇರೆಯವರಿಗೆ ಕೊಡಲಿಲ್ಲ.

ಭಾನುವಾರ ಬೆಳಗಿನ ಜಾವ ಎಲ್ಲರೂ ಹೊರಟೆವು. ಅಳ್ನಾವರ, ರಾಮನಗರ, ಅನಮೋಡ ಘಾಟಿ. ಕಾಕಾ ದಾರಿಯುದ್ದಕ್ಕೂ ಪಟ್ಟಿಯನ್ನು ತೊಡೆ ಮೇಲೇ ಇಟ್ಟುಕೊಂಡಿದ್ದರು. ಡಿಕ್ಕಿಯಲ್ಲಿ ಗೀರು ಬೀಳುತ್ತಂತೆ.

ದೋಣಿ ಇದ್ದದ್ದು ಪಣಜಿಯಿಂದ ಸ್ವಲ್ಪ ಮೇಲೆ, ಮಾಂಡೋವಿ ನದಿಯ ದಂಡೆಗೆ ಕಟ್ಟಿಕೊಂಡು. ಪಟ್ಟಿ ಕೂರಿಸಿದ್ದು ದೊಡ್ಡ ಕಥೆಯಲ್ಲ. ಹಳೇ ತೂತು ತುಂಬಿ, ಹೊಸದು ಹೊಡೆದು, ಸೀಲೆಂಟ್ ಬಳಿದು, ಡೆಕ್ಕಿನ ಕೆಳಗೆ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಬಿಗಿದರು. ಕೆಳಗೆ ಸರಪಳಿ ತುಂಬುವ ಗೂಡಿನಲ್ಲಿ ನಟ್ ಹಿಡಿಯಲು ತೂರಿದವನು ಹುಡುಗ. ಇಕ್ಕಟ್ಟು, ಕೊಳೆತ ಕೆಸರಿನ ವಾಸನೆ. ಒಂದು ಸಲವೂ ಗೊಣಗಲಿಲ್ಲ. ಅಲ್ಲಿ ನನಗೆ ಅವನು ಇಷ್ಟವಾದ.

ಲಂಗರನ್ನು ಎಳೆದು ಕೂರಿಸಿ, ಪಿನ್ನು ತೂರಿಸಿದ ಮೇಲೆ ಕಾಕಾ ಮಂಡಿಯೂರಿ ಎರಡೂ ಕೈಯಿಂದ ಅಲ್ಲಾಡಿಸಿದರು. ಹಿಡಿ ಅಲುಗಲಿಲ್ಲ. ಆದರೆ ಕುಡ ಟಕ್ ಅಂತು. ಕೀಲು ಇದೆಯಲ್ಲ, ಅದು ಆ ಕಡೆ ಈ ಕಡೆ ವಾಲುತ್ತದೆ. ರಾತ್ರಿಯಿಡೀ ಹೀಗೆ ಟಕ್ ಟಕ್ ಅಂದರೆ ದೋಣಿಯ ಫೈಬರ್ ಒಡೆಯುತ್ತೆ, ಅದಕ್ಕೂ ಮೊದಲು ಒಳಗೆ ಮಲಗಿದವರ ತಲೆ ಕೆಡುತ್ತೆ ಅಂದರು ದೊಡ್ಡವರು. ಸರಪಳಿಯನ್ನು ಇನ್ನೊಂದು ಕೊಂಡಿಯಷ್ಟು ಹಿಂದಕ್ಕೆಳೆದು, ಕುಡ ಪಟ್ಟಿಯ ತುದಿಗೆ ಒತ್ತಿ ಕೂರುವ ಹಾಗೆ ಮಾಡಿ, ಮೇಲೆ ಹಗ್ಗ ಸುತ್ತಿ ಬಿಗಿದರು. ಸರಪಳಿಯ ಎಳೆತ ಎತ್ತುವ ಯಂತ್ರದ ಮೇಲೆ ಬೀಳಬಾರದು, ಅದಕ್ಕೆ ಬೇರೆ ಕೊಕ್ಕೆ. ಲಂಗರಿಗೂ ಸರಪಳಿಗೂ ಸೇರಿಸುವ ಶ್ಯಾಕಲ್ಲಿನ ಪಿನ್ನು ಬಿಚ್ಚಿಕೊಳ್ಳದಂತೆ ತಂತಿ. ಇದನ್ನೆಲ್ಲ ಕಾಕಾ ಒಪ್ಪಿದರು. ಒಪ್ಪದೆ ಇದ್ದದ್ದು ಸರಪಳಿಯ ಇನ್ನೊಂದು ತುದಿಯನ್ನು. ಅದನ್ನು ದೋಣಿಯೊಳಗೆ ಬರೀ ಹಗ್ಗದಿಂದ ಕಟ್ಟಿದ್ದರು.

"ಇಷ್ಟೆಲ್ಲಾ ಸ್ಟೀಲ್ ಹಾಕಿ ಕಡೀಕ ಹಗ್ಗಾ?"

"ಜೀವದ ಮ್ಯಾಲ ಬಂದಾಗ ಚಾಕುದಿಂದ ಕೊಯ್ದು ಸರಪಳಿ ಬಿಟ್ಟು ಓಡಬೇಕಲ್ಲ ಕಾಕಾ" ಅಂದ ಹುಡುಗ. ಕಾಕಾ ಸುಮ್ಮನಾದರು. ಆ ಉತ್ತರ ಅವರಿಗೆ ಹಿಡಿಸಿತು ಅಂತ ನನಗೆ ಕಂಡಿತು.

ಮಧ್ಯಾಹ್ನ ಪರೀಕ್ಷೆಗೆ ಅಂತ ನದಿಯ ನಡುವೆ ಹೋದೆವು. ಆಳ ನಾಲ್ಕು ಮೀಟರ್, ದೋಣಿಯ ಮೂತಿ ನೀರಿಂದ ಒಂದು ಮೀಟರ್ ಮೇಲೆ, ಒಟ್ಟು ಐದು. ಐದರ ಐದು ಪಟ್ಟು, ಇಪ್ಪತ್ತೈದು ಮೀಟರ್ ಸರಪಳಿ. ಪಿನ್ನು ತೆಗೆದಿದ್ದೇ ತಡ, ಲಂಗರು ಹೊಸ ಗಾಲಿಯ ಮೇಲೆ ಉರುಳಿ ಇಳಿಯಿತು. ಇಂಜಿನ್ ಹಿಂದಕ್ಕೆ ಕೊಟ್ಟು ಎಳೆದರು. ಸರಪಳಿ ಬಿಗಿಯಿತು, ದೋಣಿ ನಿಂತಿತು. ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ.

ಅರ್ಧ ರೊಟ್ಟಿ ಆಗಿತ್ತು. ಕಾಕಾ ಎದ್ದು ನಿಂತರು. "ದೋಣಿ ತಿರಗಾಕತ್ತೈತಿ!"

ಹೌದು, ತಿರುಗುತ್ತಿತ್ತು. ಸಮುದ್ರದ ಕಡೆಗಿದ್ದ ಹಿಂಭಾಗ ನಿಧಾನಕ್ಕೆ ದಂಡೆಯ ಕಡೆ ಸರಿಯಿತು. ಆಮೇಲೆ ಘಟ್ಟದ ಕಡೆ. ಭರತ ಶುರುವಾಗಿತ್ತು. ಸಮುದ್ರದ ನೀರು ನದಿಯೊಳಗೆ ನುಗ್ಗಿ ಮೇಲಕ್ಕೆ ಹೋಗುತ್ತಿತ್ತು. ಒಂದು ತೆಂಗಿನ ಗರಿ ನಮ್ಮ ಪಕ್ಕದಲ್ಲೇ ತೇಲುತ್ತ ಬೆಳಗಾವಿ ದಿಕ್ಕಿಗೆ ಹೊರಟಿತ್ತು. ಕಾಕಾ ಬಕೆಟ್ಟು ಇಳಿಸಿ ನೀರು ಸೇದಿ ನಾಲಿಗೆಗೆ ಹಚ್ಚಿಕೊಂಡು ಉಗುಳಿದರು.

"ಇದೇನ್ರಿ ನಮ್ಮ ಮಹದಾಯಿ?"

ಅದೇ. ಖಾನಾಪುರದ ಕಾಡಿನಲ್ಲಿ ಹುಟ್ಟೋದು, ಇಲ್ಲಿ ಮಾಂಡೋವಿ. ಹುಬ್ಬಳ್ಳಿಯವರಿಗೆ ಆ ಹೆಸರು ಹೇಳಬೇಕಾಗಿಲ್ಲ. ನಮ್ಮ ನಲ್ಲಿಯಲ್ಲಿ ಬರೋದು ಮಲಪ್ರಭಾ. ಅದು ಸಾಲೋದಿಲ್ಲ ಅಂತಲೇ ಕಳಸಾ ಬಂಡೂರಿ, ಅಂದರೆ ಮಹದಾಯಿಯ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆ. 2015ರಲ್ಲಿ ನರಗುಂದದಲ್ಲಿ ಧರಣಿ ಕೂತಾಗ ಕಾಕಾ ರಜೆ ಹಾಕಿ ಹೋಗಿ ಕೂತು ಬಂದಿದ್ದರು. ನಾನು ಬಂದ್ ದಿನ ಶಟರ್ ಇಳಿಸಿದ್ದೆ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಾಗ ವರ್ಕ್‌ಶಾಪಿನಲ್ಲಿ ಪೇಢೆ ಹಂಚಿದ್ದೂ ಆಯಿತು, ಬೈದಿದ್ದೂ ಆಯಿತು. ಇಷ್ಟು ವರ್ಷ ನಮ್ಮೆಲ್ಲರ ಬಾಯಲ್ಲಿ ಇದ್ದದ್ದು ಒಂದೇ ವಾಕ್ಯ. ನೀರು ಸುಮ್ನೆ ಸಮುದ್ರಕ್ಕೆ ಹರಿದು ಹೋಗ್ತಿದೆ.

ದೋಣಿ ನೋಡಿಕೊಳ್ಳುವ ಹುಡುಗ ಅಲ್ಲಿಯವನು, ಮುರುಕು ಕನ್ನಡ ಬರುತ್ತದೆ. ಬೇಸಿಗೆಯಲ್ಲಿ ಮೇಲಿಂದ ನೀರು ಕಡಿಮೆ ಆದಾಗ ಉಪ್ಪು ಇನ್ನೂ ಒಳಗೆ ಹೋಗ್ತದೆ ಅಂದ. ಜಗಳದ ದನಿಯಲ್ಲಿ ಅಲ್ಲ. ಹವಾಮಾನ ಹೇಳಿದ ಹಾಗೆ ಹೇಳಿ ಮೀನು ಹುರಿಯಲು ಹೋದ.

ನನಗೆ ಆ ಕ್ಷಣ ಗೋಕುಲ ರೋಡಿನ ಪ್ರಶ್ನೆ ಮತ್ತೆ ಕೇಳಿಸಿತು. ಮ್ಯಾಲಿಂದೋ, ಕೆಳಗಿಂದೋ? ನಾವು ನದಿಯನ್ನು ಯಾವತ್ತೂ ಮೇಲಿಂದಲೇ ನೋಡಿದವರು. ನಕ್ಷೆಯಲ್ಲಿ ನಮ್ಮ ಕಡೆ ಹುಟ್ಟು, ಅವರ ಕಡೆ ಕೊನೆ. ಇಲ್ಲಿರುವವರಿಗೆ ದಿನಕ್ಕೆರಡು ಸಲ ಅದು ಕೆಳಗಿಂದ ಬರುತ್ತದೆ, ಉಪ್ಪು ಹೊತ್ತುಕೊಂಡು. ಗೋವಾದವರು ಸುಮ್ನೆ ಹಟ ಮಾಡ್ತಾರೆ ಅಂತ ನಾನು ಎಷ್ಟು ಸಲ ಹೇಳಿದ್ದೇನೋ. ಹಟವೂ ಇದೆ ಬಿಡಿ, ಎರಡೂ ಕಡೆ ಓಟಿನ ರಾಜಕೀಯ ಮಾಡುವವರಿಗೇನು ಕಮ್ಮಿಯಿಲ್ಲ. ಆದರೆ ಹಟದ ಕೆಳಗೆ ಒಂದು ಹೆದರಿಕೆ ಇದೆ ಅಂತ ಯಾರೂ ನಮಗೆ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಈ ನದಿಯ ಹೆಸರಿನದೇ ನೌಕಾಪಡೆಯ ಹಾಯಿದೋಣಿ ಮ್ಹಾದೇಯಿ ಇಲ್ಲೇ ಗೋವಾದಲ್ಲಿ ಕಟ್ಟಿದ್ದು, 2009–10ರಲ್ಲಿ ದಿಲೀಪ್ ದೋಂದೆ ಒಬ್ಬರೇ ಅದರಲ್ಲಿ ಭೂಮಿ ಸುತ್ತಿ ಬಂದರು ಅಂತ ದೊಡ್ಡವರು ಹೇಳಿದಾಗ ಇನ್ನೂ ಒಂಥರಾ ಆಯಿತು. ನಮಗೆ ಬ್ಯಾನರಿನ ಮೇಲಿನ ಹೆಸರು, ಇವರಿಗೆ ದೋಣಿಗೆ ಇಡುವ ಹೆಸರು.

ಹಾಗಂತ ನಾನು ಪಕ್ಷ ಬದಲಿಸಿಲ್ಲ. ಮನೆಗೆ ಬಂದಾಗ ಕೊಡ, ಡ್ರಮ್ಮು ಎಲ್ಲಾ ಸಾಲಾಗಿ ಇಟ್ಟಿತ್ತು, ನೀರು ಬಿಡುವ ಪಾಳಿ ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ಕುಡಿಯುವ ನೀರು ಕೇಳೋದು ತಪ್ಪಲ್ಲ, ಮುಂದಿನ ಧರಣಿಗೂ ಹೋಗುವವನೇ. ಆ ಒಂದು ವಾಕ್ಯವನ್ನು ಮಾತ್ರ ಮೊದಲಿನಷ್ಟು ಜೋರಾಗಿ ಕೂಗೋಕೆ ಬಾಯಿ ಬರಲಿಕ್ಕಿಲ್ಲ. ಕಾಕಾನ ಹತ್ತಿರ ಇದನ್ನು ಹೇಳಿದೆ. ಅವರು ಒಪ್ಪಲಿಲ್ಲ. "ಉಪ್ಪು ಅವರ ಕಡೆ ಐತಿ ತಮ್ಮಾ, ಖಾಲಿ ಕೊಡ ನಮ್ಮ ಕಡೆ ಐತಿ" ಅಂದರು. ವಾದ ಇನ್ನೂ ನಡೆದಿದೆ, ಚಹಾದ ಹೊತ್ತಿಗೊಮ್ಮೆ.

ನಿನ್ನೆ ಹುಡುಗ ಪುಣೆಯಿಂದ ಫೋನ್ ಮಾಡಿದ್ದ. ಚಿತ್ರ ತಿದ್ದಿ ಕಳಿಸ್ತೀನಿ, ದೊಡ್ಡವರ ದೋಸ್ತನ ದೋಣಿಗೂ ಇಂಥದ್ದೇ ಪಟ್ಟಿ ಬೇಕಂತೆ. ಈ ಸಲ ಎರಡು ಪಿನ್ನೂ ಮೊದಲೇ ಬರೆದಿದ್ದಾನೆ. ಕಾಕಾ ಪ್ರಿಂಟ್ ತೆಗೆಸಿ ನೋಡಿದರು. ಗಾಲಿ ಇನ್ನೂ ಸಡಿಲ ಆಯ್ತು ಅಂತ ಗೊಣಗಿ, 316ರ ರೇಟ್ ಕೇಳಲು ಸ್ಟೀಲ್ ಅಂಗಡಿಗೆ ಹೋಗಿದ್ದಾರೆ.