ಬೇರಿನ ತುದಿಯಾಚೆ ಹೋದ ಪುಡಿ

ತುಮಕೂರು, 18 ಜುಲೈ 2024, ಗುರುವಾರ

ಗುಬ್ಬಿ ಕಡೆಯ ಹಿರಿಯ ತಾಯಿಯೊಬ್ಬರು ಇಂದು ನಾನು ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. ಮಂಗಳವಾರ ಅವರ ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಆರಂಭಿಸಿದವನು ನಾನೇ. “ಬಂದಾಗ ನೋವೇ ಇರಲಿಲ್ಲವಲ್ಲ ಡಾಕ್ಟ್ರೇ” ಎಂದರು. ಆ ಮಾತು ಇಡೀ ದಿನ ನನ್ನನ್ನು ಬಿಡಲಿಲ್ಲ.

ಅದು ನರ ಎಂದೋ ಸತ್ತಿದ್ದ ಹಲ್ಲು. ಅಂಥ ಹಲ್ಲಿನ ನಾಳವನ್ನು ಉಜ್ಜುವಾಗ ದಂತದ ಪುಡಿ, ಸತ್ತ ಅಂಗಾಂಶ, ಬ್ಯಾಕ್ಟೀರಿಯಾ ಮತ್ತು ತೊಳೆಯುವ ದ್ರವ ಬೇರಿನ ತುದಿಯ ರಂಧ್ರದಿಂದ ಆಚೆಗೆ ನೂಕಲ್ಪಟ್ಟರೆ, ಅಲ್ಲಿಯವರೆಗೆ ಸದ್ದಿಲ್ಲದೆ ಇದ್ದ ಸೋಂಕು ಕೆರಳಿ ಒಂದೆರಡು ದಿನಗಳಲ್ಲೇ ನೋವು, ಬಾವು ಕಾಣಿಸಿಕೊಳ್ಳಬಹುದು. ಮುಂಬದಿಯ ಬೇರಿನ ಕಿರಿದಾದ ನಾಳಗಳಲ್ಲಿ ನಾನು ನಾಳ ಉಜ್ಜುವ ತೆಳ್ಳನೆಯ ಅರವಾದ ಕೆ-ಫೈಲನ್ನು ಒನಕೆಯಂತೆ ಮೇಲೆ ಕೆಳಗೆ ಆಡಿಸಿದ್ದೆ.

ಸ್ನಾತಕೋತ್ತರ ವ್ಯಾಸಂಗದಲ್ಲಿ ಹೀಗೆ ಬೇರಿನ ತುದಿಯಾಚೆ ಹೋಗುವ ಪುಡಿಯನ್ನೇ ತೂಗಿ ನೋಡಿದ್ದೆವು. 1991ರಲ್ಲಿ ಮಯರ್ಸ್ ಮತ್ತು ಮಾಂಟ್‌ಗಮರಿ ವಿವರಿಸಿದ ವಿಧಾನದಂತೆ, ಮೊದಲೇ ತೂಗಿಟ್ಟ ಪುಟ್ಟ ನಳಿಕೆಯ ಬಾಯಿಗೆ ಕಿತ್ತ ಹಲ್ಲನ್ನು ಸಿಕ್ಕಿಸಿ, ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸಮವಾಗಲೆಂದು ಪಕ್ಕದಲ್ಲೊಂದು ಸೂಜಿ ಚುಚ್ಚಿ, ನಾಳವನ್ನು ಸಿದ್ಧಪಡಿಸಿದ ಮೇಲೆ ನಳಿಕೆಯ ನೀರನ್ನು ಆರಿಸಿ ಮತ್ತೆ ತೂಗಬೇಕು. ಸಾಮಾನ್ಯವಾಗಿ ನಾಳ ತೊಳೆಯಲು ಬಳಸುವ ಹೈಪೋಕ್ಲೋರೈಟ್ ದ್ರಾವಣ ಆರಿದರೆ ಉಪ್ಪು ಉಳಿದು ತೂಕ ಕೆಡುತ್ತದೆಂದು ಬಟ್ಟಿ ಇಳಿಸಿದ ನೀರನ್ನೇ ಬಳಸುತ್ತಿದ್ದೆವು. ಉಸಿರು ತಾಗಿದರೂ ತಕ್ಕಡಿಯ ಕೊನೆಯ ಅಂಕಿ ನಡುಗುತ್ತಿತ್ತು.

ಪುಡಿಯನ್ನು ಸ್ವಲ್ಪವೂ ಆಚೆಗೆ ನೂಕದ ಉಪಕರಣವನ್ನು ನಾನು ಕಂಡಿಲ್ಲ. ಆದರೂ ಕೈಯಿಂದ ಎಳೆದು ತಳ್ಳುವ ಫೈಲಿಗಿಂತ ತಿರುಗುವ ನಿಕಲ್-ಟೈಟಾನಿಯಂ ಫೈಲು ಸಾಮಾನ್ಯವಾಗಿ ಕಡಿಮೆ ನೂಕುತ್ತದೆ. ಬೈರಿಗೆಯ ಸುರುಳಿ ಮರದ ಹೊಟ್ಟನ್ನು ಮೇಲಕ್ಕೆ ತರುವಂತೆ ಅದರ ತೋಡುಗಳು ಪುಡಿಯನ್ನು ಬಾಯಿಯ ಕಡೆಗೆ ತರುತ್ತವೆ. ಒಂದೇ ಕಡೆ ಸುತ್ತುವ ಫೈಲು ಮೇಲೋ, ಹಿಂದೆ ಮುಂದೆ ತಿರುಗುವ ರೆಸಿಪ್ರೊಕೇಟಿಂಗ್ ಫೈಲು ಮೇಲೋ ಎಂಬುದರಲ್ಲಿ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ನಳಿಕೆಯಲ್ಲಿ ಬೇರಿನ ತುದಿಗೆ ಎದುರಾಗಿ ಏನೂ ಇರುವುದಿಲ್ಲ, ಬಾಯಲ್ಲಾದರೆ ಮೂಳೆ ಮತ್ತು ಅಂಗಾಂಶ ತಡೆಯುತ್ತವೆ ಎಂಬ ಆಕ್ಷೇಪ ಸರಿಯೇ. ಆದರೆ ಈ ತಾಯಿಯ ಎಕ್ಸ್-ರೇಯಲ್ಲಿ ಬೇರಿನ ತುದಿಯ ಮೂಳೆ ಆಗಲೇ ಕರಗಿ ಕಪ್ಪಾಗಿತ್ತು. ತಡೆಯುವುದಕ್ಕೆ ಅಲ್ಲಿ ಏನು ಉಳಿದಿತ್ತು?

ಇಂದು ಹಲ್ಲನ್ನು ಮತ್ತೆ ತೆರೆದಾಗ ಒಂದು ಹನಿ ಕೀವು, ಹಿಂದೆಯೇ ತೆಳು ರಕ್ತ ಬಂತು. ಅವರ ಹಿಡಿದಿದ್ದ ಕೈ ಸಡಿಲವಾಯಿತು. ನಾಳದ ಮೇಲ್ಭಾಗವನ್ನು ಮೊದಲು ಅಗಲಿಸಿ, ಪಕ್ಕದಲ್ಲಿ ರಂಧ್ರವಿರುವ ಸೂಜಿಯನ್ನು ತುದಿಗಿಂತ 2 ಮಿಲಿಮೀಟರ್ ಮೇಲೆಯೇ ನಿಲ್ಲಿಸಿ, ಬಿಗಿಯಾಗದಂತೆ ಆಡಿಸುತ್ತಾ ನಿಧಾನವಾಗಿ ತೊಳೆದೆ. ಪ್ರತಿ ಸಲ ಹೊರತೆಗೆದ ಫೈಲನ್ನು ಗಾಜ್ ಬಟ್ಟೆಗೆ ಒರೆಸಿದಾಗ ಬೂದುಬಣ್ಣದ ಗೆರೆಯೊಂದು ಮೂಡುತ್ತಿತ್ತು. ಏಳನೆಯ ಸಲಕ್ಕೆ ಬಟ್ಟೆ ಬೆಳ್ಳಗೇ ಉಳಿಯಿತು. ಜ್ವರವಾಗಲಿ ಹರಡಿದ ಬಾವಾಗಲಿ ಇರಲಿಲ್ಲವಾದ್ದರಿಂದ ಆ್ಯಂಟಿಬಯೋಟಿಕ್ ಕೊಡದೆ ನೋವಿನ ಮಾತ್ರೆಯನ್ನಷ್ಟೇ ಬರೆದೆ. ನೋವಿಗೆ ಕಾರಣ ನನ್ನ ಕೈಯೇ ಆಗಿರಬಹುದೆಂದು ಅವರಿಗೆ ಬಿಡಿಸಿ ಹೇಳಿದೆ. ಸಂಜೆ ಫೋನ್ ಮಾಡಿದಾಗ ಅವರು ಮಲಗಿದ್ದಾರೆಂದು ಸೊಸೆ ತಿಳಿಸಿದರು.